ಮೆಕ್ಸಿಕೋದ ಕೆಂಪು ಸಾಸ್: ಬಣ್ಣ ಬಿಡುವುದು ಎಣ್ಣೆಯಲ್ಲಿ

ಮೊದಲ ಸಲ ಮೆಕ್ಸಿಕೋದ ಕೆಂಪು ಸಾಸ್ ಮಾಡಿದಾಗ ಒಣಮೆಣಸಿನಕಾಯಿ ನೆನೆಸಿ, ರುಬ್ಬಿ, ನೀರು ಬೆರೆಸಿ ಕುದಿಸಿದ್ದೆ. ಬಣ್ಣ ಮಂಕಾಗಿತ್ತು. ಹಸಿ ವಾಸನೆಯೂ ಹೋಗಿರಲಿಲ್ಲ. ರುಬ್ಬಿದ್ದನ್ನು ಎಣ್ಣೆಯಲ್ಲಿ ಹುರಿಯಬೇಕು ಅನ್ನುವುದು ಆಮೇಲೆ ಗೊತ್ತಾಯಿತು.

ಅಲ್ಲಿ ಈ ಸಾಸ್‌ಗೆ ಹೆಚ್ಚಾಗಿ ಬಳಸುವುದು ಗ್ವಾಹೀಯೊ ಮತ್ತು ಆಂಚೊ ಅನ್ನುವ ಒಣಮೆಣಸಿನಕಾಯಿಗಳನ್ನು. ಗ್ವಾಹೀಯೊದ ಸಿಪ್ಪೆ ನುಣುಪು, ಬಣ್ಣ ಕಡುಗೆಂಪು, ರುಚಿಯಲ್ಲಿ ತುಸು ಹುಳಿ. ಆಂಚೊ ಅಂದರೆ ಹಣ್ಣಾಗಿಸಿ ಒಣಗಿಸಿದ ಪೊಬ್ಲಾನೊ ಮೆಣಸಿನಕಾಯಿ. ಅಗಲ, ಸುಕ್ಕುಸುಕ್ಕು, ಒಣದ್ರಾಕ್ಷಿಯಂಥ ಸಿಹಿ. ಎರಡರಲ್ಲೂ ಖಾರ ಕಡಿಮೆ. ನಮ್ಮಲ್ಲಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಬೆರೆಸುತ್ತೇವಲ್ವಾ, ಹಾಗೆ ಅವರೂ ಖಾರ ಬೇಕಾದರೆ ಚೀಲೆ ದೆ ಆರ್ಬೊಲ್ ಅನ್ನುವ ಸಣ್ಣ ಕಾಯಿ ಒಂದೆರಡು ಸೇರಿಸುತ್ತಾರೆ.

ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತುವಿನ ನೆಂಟ ಇದು. ಖಾರದ್ದು ಕ್ಯಾಪ್ಸೈಸಿನ್. ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಬೀಜದಲ್ಲಲ್ಲ. ಎರಡೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಎಣ್ಣೆ ಸಿಕ್ಕರೆ ಸಲೀಸಾಗಿ ಕರಗುತ್ತವೆ.

ಈಗ ಒಲೆಯ ಹತ್ತಿರ ಬನ್ನಿ. ಆರು ಗ್ವಾಹೀಯೊ, ಎರಡು ಆಂಚೊ ತೆಗೆದುಕೊಂಡು ತೊಟ್ಟು, ಬೀಜ ತೆಗೆಯಿರಿ. ಮೆಕ್ಸಿಕೋದಲ್ಲಿ ಕೊಮಾಲ್ ಮೇಲೆ ಹುರಿಯುತ್ತಾರೆ. ನಮ್ಮ ದೋಸೆ ಹೆಂಚು ಸಾಕು. ಸಣ್ಣ ಉರಿಯಲ್ಲಿ ಒಂದೊಂದು ಬದಿಗೆ ಕೆಲವೇ ಸೆಕೆಂಡು. ಘಮ ಬಂದ ತಕ್ಷಣ ಇಳಿಸಿ. ಘಾಟು ಎದ್ದು ಕೆಮ್ಮು ಬಂತು ಅಂದರೆ ಸೀಯುತ್ತಿದೆ ಅಂತ. ಸೀದ ಕಹಿಯನ್ನು ಆಮೇಲೆ ಯಾವುದರಿಂದಲೂ ತೆಗೆಯಲಾಗದು. ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಬೆಳ್ಳುಳ್ಳಿ, ಈರುಳ್ಳಿ ಜೊತೆ ನುಣ್ಣಗೆ ರುಬ್ಬಿ, ಸೋಸಿ. ನೆನೆಸಿದ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿಯಾಗಿದ್ದರೆ ಚೆಲ್ಲಿಬಿಡಿ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ಮೆಕ್ಸಿಕೋದ ಹಳ್ಳಿ ಕಡೆ ಹಂದಿ ಕೊಬ್ಬು ಬಳಸುವವರೂ ಉಂಟು. ರುಬ್ಬಿದ್ದನ್ನು ಸುರಿದರೆ ಜೋರಾಗಿ ಸಿಡಿಯುತ್ತದೆ, ದೂರ ನಿಲ್ಲಿ. ನೀರಿನಂಶ ಜಾಸ್ತಿ ಇರುವವರೆಗೂ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರುತ್ತಾ ಬಂದಂತೆ ತಳದಲ್ಲಿ ಬಿಸಿ ಅದನ್ನು ದಾಟುತ್ತದೆ. ಆಗಲೇ ಹಸಿ ವಾಸನೆ ಹೋಗಿ ಹುರಿದ ಘಮ ಹುಟ್ಟುವುದು. ಬಣ್ಣವೂ ಎಣ್ಣೆಗೆ ಇಳಿಯುತ್ತದೆ. ಅಂಚಿನಲ್ಲಿ ಕೆಂಪು ಎಣ್ಣೆ ಬಿಟ್ಟುಕೊಂಡಿತು ಅಂದರೆ ಹದ ಬಂತು. ಆಮೇಲೆ ಉಪ್ಪು, ಸ್ವಲ್ಪ ನೀರು, ಚಿಟಿಕೆ ಓರೆಗಾನೊ. ಮೆಕ್ಸಿಕೋದ ಓರೆಗಾನೊ ಪಿಜ್ಜಾದ್ದಲ್ಲ. ಅದು ನಮ್ಮ ಬೇಲಿಯ ಲಂಟಾನದ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡ.

ಗ್ವಾಹೀಯೊ ಸಿಗದಿದ್ದರೆ ಬ್ಯಾಡಗಿಯಲ್ಲೇ ಮಾಡಿ. ರುಚಿ ಅದೇ ಆಗುವುದಿಲ್ಲ, ಬಣ್ಣಕ್ಕೆ ಮೋಸವಿಲ್ಲ. ಎರಡೂ ಒಂದೇ ಜಾತಿಯವು. ಮೆಕ್ಸಿಕೋದಲ್ಲಿ ಸಾವಿರಾರು ವರ್ಷ ಹಿಂದೆಯೇ ಪಳಗಿದ ಈ ಗಿಡ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂತು.

ಸಾಸ್ ಬಿಸಿ ಇರುವಾಗಲೇ ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ಅದ್ದಿ ತೆಗೆಯಿರಿ. ಹೀಗೆ ಅದ್ದಿದ ಟೋರ್ಟಿಯಾದಿಂದ ಮಾಡುವ ತಿನಿಸು ಎಂಚಿಲಾಡ, ಆ ಹೆಸರಿನ ಅರ್ಥವೇ ಮೆಣಸಿನಕಾಯಿ ಸವರಿದ್ದು ಅಂತ.