ಗಬ್ಬ ನಿಲ್ಲದಿದ್ದರೆ ಹಸುವನ್ನೇ ಬೈಯಬೇಕಾ?

ಶಿರಸಿ ಕಡೆಯ ಕೊಟ್ಟಿಗೆಯಲ್ಲಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ನೋಡಿ. ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ ದಿನಕ್ಕೊಂದು ಸುತ್ತು, ಅಲ್ಲಿಂದ 21 ದಿನ ಎಣಿಸಿ ಇನ್ನೊಂದು. ಆ ದಿನ ಹಸು ಸುಮ್ನೆ ಮೆಲುಕು ಹಾಕುತ್ತಿದ್ದರೆ ಮನೆಯವರಿಗೆ ಸಮಾಧಾನ. ಮತ್ತೆ ಬೆದೆಗೆ ಬಂದು ಕೂಗತೊಡಗಿದರೆ, ‘ಗಬ್ಬ ನಿಲ್ಲಲಿಲ್ಲ’ ಅಂತ ಬೇಜಾರು.

ಎಷ್ಟೋ ಸಲ ಗಬ್ಬ ನಿಂತಿರುತ್ತದೆ, ನಮಗೆ ಗೊತ್ತಾಗುವ ಮೊದಲೇ ಹೋಗಿರುತ್ತದೆ. 16-17ನೇ ದಿನದ ಹೊತ್ತಿಗೆ ಭ್ರೂಣ ದಾರದಂತೆ ಉದ್ದವಾಗಿ, ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಬಿಡುತ್ತದೆ. ‘ನಾನಿದ್ದೇನೆ’ ಅಂತ ತಾಯಿಗೆ ಹೇಳುವ ಬಗೆ ಅದು. ಆ ಸುದ್ದಿ ಮುಟ್ಟಿದರೆ ಗಬ್ಬ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಮುಂದುವರಿಯುತ್ತದೆ. ಮುಟ್ಟದಿದ್ದರೆ ಮತ್ತೆ ಬೆದೆ. ಹಾರ್ಮೋನಿನ ವೇಷ ಹಾಕಿ ಬರುವ ರಾಸಾಯನಿಕಗಳು ಇಂಥ ನಾಜೂಕಿನ ಹೊತ್ತಲ್ಲೇ ಅಡ್ಡ ಬರಬಹುದು ಎಂಬುದು ವಿಜ್ಞಾನಿಗಳ ಆತಂಕ.

ಈ ಅನುಮಾನ ಹುಟ್ಟಿದ್ದೇ ಮೇವಿನಿಂದ. ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದ ಹಂದಿಗಳಲ್ಲಿ ಬೆದೆಗೆ ಬಂದಂತೆ ಯೋನಿಯ ಹೊರಭಾಗ ಬಾತುಕೊಳ್ಳುವುದು ಅಮೆರಿಕದಲ್ಲಿ 1928ರಲ್ಲೇ ವರದಿಯಾಗಿತ್ತು. ಬೂಸ್ಟಿನ ಆ ವಿಷಕ್ಕೆ ಈಗ ಝಿಯರಲೆನೋನ್ ಎಂಬ ಹೆಸರಿದೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳು ಹಸಿರು ಕ್ಲೋವರ್ ಎಂಬ ಮೇವಿನ ಸೊಪ್ಪು ಮೇಯ್ದು ಬಂಜೆಯಾದವು. ಆ ಸೊಪ್ಪಿನಲ್ಲೇ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್‌ನಂಥ ಅಂಶವಿತ್ತು. ಮುಂದೆ ಕೀಟನಾಶಕ, ಪ್ಲಾಸ್ಟಿಕ್‌ಗಳ ಮೇಲೂ ಕಣ್ಣು ಬಿತ್ತು. 1991ರಲ್ಲಿ ಅಮೆರಿಕದ ವಿಂಗ್‌ಸ್ಪ್ರೆಡ್‌ನಲ್ಲಿ ಸೇರಿದ ವಿಜ್ಞಾನಿಗಳು ಇವೆಲ್ಲಕ್ಕೂ ‘ಹಾರ್ಮೋನ್ ಕೆಡಿಸುವ ರಾಸಾಯನಿಕ’ ಎಂಬ ಅರ್ಥದ ಒಂದೇ ಹೆಸರಿಟ್ಟರು. ಸ್ಕಾಟ್ಲೆಂಡಿನಲ್ಲಿ ಇಂಥ ರಾಸಾಯನಿಕಗಳಿರುವ ಚರಂಡಿ ಗೊಬ್ಬರ ಹಾಕಿದ ಹುಲ್ಲುಗಾವಲಲ್ಲಿ ಮೇಯ್ದ ಕುರಿಗಳ ಹೊಟ್ಟೆಯ ಮರಿಗಳಲ್ಲಿ ಅಂಡಾಶಯದ ಬೆಳವಣಿಗೆಯೇ ಬೇರೆಯಾಗಿತ್ತು.

ನಮಗೆ ಇದು ದೂರದ ಕಥೆಯೇನಲ್ಲ. ಗೇರುತೋಟಗಳಿಗೆ ಸುರಿದ ಎಂಡೋಸಲ್ಫಾನ್ ಕೀಟನಾಶಕ ಕೂಡ ಹಾರ್ಮೋನ್ ಕೆಡಿಸುವಂಥದ್ದೇ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರ ಪಟ್ಟಿಯಲ್ಲಿ ದಕ್ಷಿಣ ಕನ್ನಡ, ಉಡುಪಿಯ ಜೊತೆ ನಮ್ಮ ಉತ್ತರ ಕನ್ನಡದವರೂ ಇದ್ದಾರೆ. ಅಂಥ ಗೇರುಮರಗಳ ಅಡಿ ಮೇಯ್ದ ದನಗಳ ನೆನಪು ನನ್ನನ್ನು ಬಿಡುವುದಿಲ್ಲ.

ಗಬ್ಬ ಹೋದದ್ದಕ್ಕೆಲ್ಲ ರಾಸಾಯನಿಕವೇ ಕಾರಣ ಅನ್ನಲಾಗದು. ಬೆದೆಯ ಹೊತ್ತು ತಪ್ಪಿರಬಹುದು, ಖನಿಜ ಕಡಿಮೆಯಾಗಿರಬಹುದು, ಗರ್ಭಕೋಶಕ್ಕೆ ಸೋಂಕು ತಗುಲಿರಬಹುದು. ಮೊದಲು ಅವನ್ನೇ ನೋಡಬೇಕು. ಬೂಸ್ಟಿನ ವಿಷ ಹಸುವಿಗೆ ಹಂದಿಯಷ್ಟು ಬೇಗ ತಾಗುವುದೂ ಇಲ್ಲ. ಹಾಗಂತ ಆಷಾಢದ ಮಳೆಯಲ್ಲಿ ಹಿಂಡಿಚೀಲದ ತಳಕ್ಕೆ ಕೈ ಹಾಕಿದಾಗ ಬಿಸಿ ತಾಗಿ, ಉಂಡೆಗಟ್ಟಿದ್ದು ಸಿಕ್ಕರೆ, ‘ದನಕ್ಕೆ ತಾನೇ’ ಅಂತ ಬಾನಿಯೊಳಗೆ ಸುರಿಯಬೇಡಿ. ಡಾಕ್ಟರು ಬಂದಾಗ ಆ ಉಂಡೆಯನ್ನೂ ತೋರಿಸಿ. ಕಳೆನಾಶಕ ಹೊಡೆದ ಕಡೆಯ ಹುಲ್ಲು ತಂದು ಹಾಕಿದ್ದರೆ ಅದನ್ನೂ ಹೇಳಿ.