ಕಟ್ಟುವುದು ಸುಲಭ, ಬಿಚ್ಚುವುದು ಯಾವಾಗ? ಟೂರ್ನಿಕೆಟ್‌ನ ಮುನ್ನೂರೈವತ್ತು ವರ್ಷ

ತೊಡೆಯ ದೊಡ್ಡ ರಕ್ತನಾಳ ಹರಿದರೆ ಪ್ರಾಣ ಹೋಗಲು ಕೆಲವೇ ನಿಮಿಷ ಸಾಕು. ಗಾಯದ ಮೇಲ್ಗಡೆ ಬಿಗಿಯಾಗಿ ಕಟ್ಟಿಬಿಟ್ಟರೆ ರಕ್ತ ನಿಲ್ಲುತ್ತದೆ ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ಹಾಗೆ ಬಿಗಿಯುವ ಪಟ್ಟಿಗೇ ಟೂರ್ನಿಕೆಟ್ ಅನ್ನುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಕಟ್ಟಿನ ಕೆಳಗಿರುವ ಮಾಂಸಖಂಡಕ್ಕೂ ರಕ್ತ ಬೇಕಲ್ವಾ? ಅದು ಎಷ್ಟು ಹೊತ್ತು ತಾಳುತ್ತದೆ? ಈ ಪ್ರಶ್ನೆ ಹಿಡಿದು ಡಾಕ್ಟರುಗಳು ಮುನ್ನೂರೈವತ್ತು ವರ್ಷದಿಂದ ಗುದ್ದಾಡುತ್ತಿದ್ದಾರೆ. ಒಮ್ಮೆ ಕಟ್ಟಿ ಅಂದರು, ಇನ್ನೊಮ್ಮೆ ಮುಟ್ಟಲೇಬೇಡಿ ಅಂದರು. ಬೈಗುಳವೆಲ್ಲ ಪಟ್ಟಿಗೇ ಬಿತ್ತು. ನನಗನ್ನಿಸುವಂತೆ ಅದರಲ್ಲಿ ಜಾಸ್ತಿ ಪಾಲು ಆಸ್ಪತ್ರೆ ದೂರ ಇದ್ದದ್ದಕ್ಕೆ ಸೇರಬೇಕು.

1674ರಲ್ಲಿ ಫ್ರೆಂಚ್ ಸೇನೆ ಬೆಸಾನ್ಸೋಂ ಊರಿಗೆ ಮುತ್ತಿಗೆ ಹಾಕಿತ್ತು. ಆಗ ಎಟಿಯೆನ್ ಮೊರೆಲ್ ಎಂಬ ಸೇನಾ ವೈದ್ಯ ಕಟ್ಟಿನೊಳಗೆ ಕೋಲು ತೂರಿಸಿ, ತಿರುಚಿ ಬಿಗಿ ಮಾಡಿದ ಎನ್ನುತ್ತಾರೆ. 1718ರಲ್ಲಿ ಪ್ಯಾರಿಸ್ಸಿನ ಜಾನ್ ಲೂಯಿ ಪೆತಿ ಅದಕ್ಕೆ ತಿರುಪು ಜೋಡಿಸಿದ. 1873ರಲ್ಲಿ ಜರ್ಮನಿಯ ಎಸ್ಮಾರ್ಕ್ ರಬ್ಬರ್ ಪಟ್ಟಿ ತಂದ. 1904ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್, ಬಿಪಿ ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಅಂಥ ಗಾಳಿ ತುಂಬುವ ಪಟ್ಟಿಯನ್ನು ಆಪರೇಷನ್ ಥಿಯೇಟರಿಗೆ ತಂದ. ಅಲ್ಲಿ ಅದು ಇವತ್ತಿಗೂ ಇದೆ. ಅದರ ಮೇಲೆ ದೊಡ್ಡ ದೂರೇನೂ ಇಲ್ಲ, ಯಾಕಂದರೆ ಗಡಿಯಾರ ನೋಡುತ್ತಾ ಪಕ್ಕದಲ್ಲೇ ಒಬ್ಬರು ನಿಂತಿರುತ್ತಾರೆ.

ಯುದ್ಧಭೂಮಿಯಲ್ಲಿ ಹಾಗೆ ಯಾರಿರುತ್ತಾರೆ? ಗಾಯಾಳುವನ್ನು ಸ್ಟ್ರೆಚರಿನಲ್ಲಿ ಹೊತ್ತು, ಕೆಸರು ದಾಟಿಸಿ, ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಕೆಲವೊಮ್ಮೆ ಒಂದು ಹಗಲು ಕಳೆದಿರುತ್ತಿತ್ತು. ಪಟ್ಟಿ ಬಿಚ್ಚಿದರೆ ಕೆಳಗಿನ ಕಾಲು ಸತ್ತಿರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಇಂಥವನ್ನು ನೋಡಿ ನೋಡಿ ಹಲವು ಡಾಕ್ಟರುಗಳು ಟೂರ್ನಿಕೆಟ್ ಸಹವಾಸವೇ ಬೇಡ ಅಂದರು. ಆಗಾಗ ಸ್ವಲ್ಪ ಸಡಿಲಿಸಿ, ಕಾಲಿಗೆ ರಕ್ತ ಬಿಡಿ ಎಂಬ ಸಲಹೆಯೂ ಬಹಳ ಕಾಲ ನಡೆಯಿತು. ಕೇಳಲು ಜಾಣತನ ಅನಿಸುತ್ತದೆ. ಆದರೆ ಸಡಿಲಿಸಿದಾಗಲೆಲ್ಲ ಒಂದಷ್ಟು ರಕ್ತ ಸೋರಿ, ಕಾಲು ಉಳಿಸಲು ಹೋಗಿ ಆಳೇ ಹೋಗುತ್ತಿದ್ದ.

ಬಿಗಿದ ಕಟ್ಟಿನ ಕೆಳಗೆ ಏನಾಗುತ್ತದೆ ಅಂತ ಯುದ್ಧದ ಹೊರಗೂ ಗೊತ್ತಾಗುತ್ತಾ ಬಂತು. 1881ರಲ್ಲಿ ರಿಚರ್ಡ್ ಫೋಲ್ಕ್‌ಮನ್ ಎಂಬ ಜರ್ಮನ್ ವೈದ್ಯ, ಮೂಳೆ ಮುರಿದಾಗ ಹಾಕಿದ ಬಿಗಿ ಬ್ಯಾಂಡೇಜಿನಿಂದ ಕೈಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳುವುದನ್ನು ವಿವರಿಸಿದ. ಮಾಂಸಖಂಡಕ್ಕೆ ರಕ್ತ ತಪ್ಪಿದ್ದೇ ಕಾರಣ ಅಂತಲೂ ಹೇಳಿದ. ಮೊಣಕೈ ಮುರಿದ ಮಗುವಿಗೆ ನಾಟಿ ಕಟ್ಟು ಬಿಗಿಸಿ, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಓಡಿಬರುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ನಿಜವಾದ ಆಶ್ಚರ್ಯ ಕಾದಿದ್ದು ಲಂಡನ್ನಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ಕುಸಿದ ಮನೆಗಳಡಿ ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡವರನ್ನು ಹೊರಗೆ ಎಳೆಯುತ್ತಿದ್ದರು. ಮೊದಲಿಗೆ ಚೆನ್ನಾಗೇ ಇರುತ್ತಿದ್ದರು. ಆಮೇಲೆ ಕಾಲು ಊದುತ್ತಿತ್ತು, ಬಿಪಿ ಇಳಿಯುತ್ತಿತ್ತು, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಕೆಲವೇ ದಿನದಲ್ಲಿ ಕಿಡ್ನಿ ಕೈಕೊಟ್ಟು ಸಾಯುತ್ತಿದ್ದರು. ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರಲ್ಲಿ ಇಂಥ ನಾಲ್ವರ ವಿವರ ಪ್ರಕಟಿಸಿದರು. ಗಾಯ ಇದ್ದದ್ದು ಕಾಲಿಗೆ, ಸೋತದ್ದು ಕಿಡ್ನಿ. ನಜ್ಜುಗುಜ್ಜಾದ ಮಾಂಸದಿಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮತ್ತು ಪೊಟ್ಯಾಸಿಯಂ, ಭಾರ ತೆಗೆದ ಕೂಡಲೇ ರಕ್ತದ ಜತೆ ಮೈಯೆಲ್ಲ ಸೇರುತ್ತಿದ್ದವು. ಮಯೋಗ್ಲೋಬಿನ್ ಕಿಡ್ನಿ ಕೆಡಿಸುತ್ತದೆ, ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು.

ಅಂದರೆ ರಕ್ತ ನಿಂತಾಗ ಒಂದು ಏಟು, ರಕ್ತ ವಾಪಸು ಬಂದಾಗ ಇನ್ನೊಂದು. ಈ ಎರಡನೇ ಏಟಿನ ಒಳಗುಟ್ಟು ಒಡೆಯತೊಡಗಿದ್ದು 1980ರ ದಶಕದಲ್ಲಿ. ಹಸಿದ ಜೀವಕೋಶಕ್ಕೆ ಒಮ್ಮೆಲೇ ಆಮ್ಲಜನಕ ನುಗ್ಗಿದಾಗ ಫ್ರೀ ರ್‍ಯಾಡಿಕಲ್ ಎಂಬ, ಸಿಕ್ಕಿದ್ದನ್ನೆಲ್ಲ ಕೆಡಿಸುವ ಚುರುಕು ಕಣಗಳು ಹುಟ್ಟಿ ಕೋಶದ ಪೊರೆಯನ್ನೇ ಸುಡುತ್ತವೆ ಎಂದು ಜೋ ಮೆಕಾರ್ಡ್ ಮತ್ತಿತರ ಸಂಶೋಧಕರು ತೋರಿಸಿದರು. ಅದನ್ನು ತಡೆಯುವ ಔಷಧಿಗೆ ಎಷ್ಟೋ ಜನ ಕೈಹಾಕಿದ್ದಾರೆ. ಗಾಯಾಳುವಿಗೆ ಸುಮ್ನೆ ಒಂದು ಇಂಜೆಕ್ಷನ್ ಕೊಟ್ಟು ಕಾಲು ಉಳಿಸುವ ಮದ್ದು ಮಾತ್ರ ಇನ್ನೂ ಬಂದಿಲ್ಲ. ಊದಿಕೊಂಡ ಮಾಂಸದ ಸುತ್ತಲಿನ ಗಟ್ಟಿ ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸುವುದು, ಹರಿದ ರಕ್ತನಾಳಕ್ಕೆ ತಾತ್ಕಾಲಿಕವಾಗಿ ಪ್ಲಾಸ್ಟಿಕ್ ಕೊಳವೆ ಜೋಡಿಸಿ ರಕ್ತ ಹರಿಸುವುದು, ಇವೇ ಇವತ್ತಿಗೂ ಗಟ್ಟಿ ದಾರಿಗಳು.

ಇದಕ್ಕಿಂತ ಮುಂಚೆಯೇ ವೇಗ ದೊಡ್ಡ ಬದಲಾವಣೆ ತಂದಿತ್ತು. ಎರಡನೇ ಮಹಾಯುದ್ಧದಲ್ಲಿ ಹರಿದ ಅಪಧಮನಿಯನ್ನು ಹೆಚ್ಚಾಗಿ ಕಟ್ಟಿ ಮುಚ್ಚುತ್ತಿದ್ದರು. ಮೈಕೆಲ್ ಡಿಬೇಕಿ ಮತ್ತು ಫಿಯೊರಿಂಡೊ ಸಿಮಿಯೋನ್ 1946ರಲ್ಲಿ ಪ್ರಕಟಿಸಿದ 2,471 ಗಾಯಗಳ ಲೆಕ್ಕದಲ್ಲಿ, ಹಾಗೆ ಮುಚ್ಚಿದವರಲ್ಲಿ ಸುಮಾರು ಅರ್ಧದಷ್ಟು ಜನ ಕೈಯೋ ಕಾಲೋ ಕಳೆದುಕೊಂಡಿದ್ದರು. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರ್ ಬಂತು, ನಾಳವನ್ನು ಹೊಲಿದು ಸರಿಪಡಿಸುವ ಆಪರೇಷನ್ ಬಂತು. ಪ್ರಮಾಣ ಶೇ. 13ಕ್ಕೆ ಇಳಿಯಿತು.

ಟೂರ್ನಿಕೆಟ್ ಭಯ ಮಾತ್ರ ಹೋಗಲಿಲ್ಲ. ವಿಯೆಟ್ನಾಂನಲ್ಲಿ ಕೈಕಾಲಿನ ಗಾಯದಿಂದ ರಕ್ತ ಸೋರಿಯೇ 2,500ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು ಎಂಬ ಅಂದಾಜಿದೆ. 1996ರಲ್ಲಿ ಅವರ ಸೇನಾ ವೈದ್ಯರು ಟೂರ್ನಿಕೆಟ್ ವಾಪಸು ತರಬೇಕು ಎಂದು ಬರೆದರು. ಮುಂದೆ ಇರಾಕ್ ಯುದ್ಧದ ಹೊತ್ತಿಗೆ ಸೈನಿಕರ ಕೈಗೆ ಹೊಸ ಪಟ್ಟಿ ಬಂತು. ಅಗಲವಾದ ನೈಲಾನ್ ಪಟ್ಟಿ, ತಿರುಚಲು ಪ್ಲಾಸ್ಟಿಕ್ ಕೋಲು, ಕೋಲು ಸಿಕ್ಕಿಸಲು ಕೊಕ್ಕೆ, ಕಟ್ಟಿದ ಸಮಯ ಬರೆಯಲು ಒಂದು ಚೂರು ಜಾಗ. ಮೊರೆಲ್ ಮಾಡಿದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ ಆ ಸಮಯ ಬರೆಯುವ ಜಾಗವೇ.

ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ ಜಾನ್ ಕ್ರಾಗ್ ತಂಡ 232 ಗಾಯಾಳುಗಳನ್ನು ಗಮನಿಸಿತು. ಶಾಕ್‌ಗೆ, ಅಂದರೆ ರಕ್ತ ಸೋರಿ ಬಿಪಿ ಕುಸಿಯುವ ಸ್ಥಿತಿಗೆ, ಹೋಗುವ ಮುಂಚೆಯೇ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಶೇ. 90 ಮಂದಿ ಬದುಕಿದರು, ಆಮೇಲೆ ಕಟ್ಟಿಸಿಕೊಂಡವರಲ್ಲಿ ಶೇ. 10. ಬರೀ ಪಟ್ಟಿಯ ಕಾರಣಕ್ಕೆ ಯಾರ ಕೈಕಾಲೂ ಹೋಗಲಿಲ್ಲ. ಆದರೆ ಅಲ್ಲಿ ಹೆಚ್ಚಿನ ಪಟ್ಟಿಗಳನ್ನು ಎರಡು ಗಂಟೆಯೊಳಗೆ ಬಿಚ್ಚಿದ್ದರು.

ಉಕ್ರೇನಿನಲ್ಲಿ ಕಥೆ ಮತ್ತೆ ತಿರುಗಿದೆ. ಡ್ರೋನ್ ಕಾಟದಿಂದ ಗಾಯಾಳುವನ್ನು ಸಾಗಿಸಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಪಟ್ಟಿ ಬೇಡದ ಗಾಯಕ್ಕೂ ಕಟ್ಟಿ, ಹಾಗೇ ಬಿಟ್ಟು, ಕಾಲು ಕಳೆದುಕೊಂಡವರಿದ್ದಾರೆ. ಅದಕ್ಕೇ ಈಗ ಬಿಚ್ಚುವುದನ್ನೂ ಕಲಿಸುತ್ತಾರೆ. ಎರಡು ಗಂಟೆಯೊಳಗೆ ಗಾಯ ನೋಡು, ಸಾಧ್ಯವಾದರೆ ಒತ್ತಡದ ಬ್ಯಾಂಡೇಜಿಗೆ ಬದಲಿಸು. ಆರು ಗಂಟೆ ದಾಟಿದ್ದರೆ ಅಲ್ಲಿ ಬಿಚ್ಚಬೇಡ, ಆಸ್ಪತ್ರೆಯಲ್ಲೇ ಬಿಚ್ಚಲಿ.

ಒಂದು ಮಾತು ನಮ್ಮೂರಿನವರಿಗೆ. ಇದ್ಯಾವುದೂ ಹಾವು ಕಡಿತಕ್ಕೆ ಅನ್ವಯಿಸುವುದಿಲ್ಲ. ಹಗ್ಗ ಬಿಗಿದರೆ ಅಂಗಕ್ಕೆ ಹಾನಿ ಹೆಚ್ಚು, ಮಂಡಲದ ಹಾವಿನ ಕಡಿತದಲ್ಲಂತೂ ಇನ್ನೂ ಹೆಚ್ಚು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಈಗಾಗಲೇ ಕಟ್ಟಿಕೊಂಡು ಬಂದವರ ಹಗ್ಗವನ್ನು ಡಾಕ್ಟರು ತಕ್ಷಣ ಕತ್ತರಿಸುವುದಿಲ್ಲ. ವಿಷ ಒಮ್ಮೆಲೇ ಮೈಗೇರಿ ಉಸಿರು ನಿಲ್ಲಬಹುದು ಅಂತ, ಉಸಿರಾಟದ ವ್ಯವಸ್ಥೆ ಪಕ್ಕಕ್ಕಿಟ್ಟುಕೊಂಡೇ ಬಿಚ್ಚುತ್ತಾರೆ.