ಕಾಣೆಯಾದ ಪ್ಯಾಕೇಜ್, ತಪ್ಪಿದ ಚುಕ್ಕಿ

ಗ್ರಾಹಕರ ಕಡೆಯ ಎಂಜಿನಿಯರ್ ಒಬ್ಬರು ಫೋನ್ ಮಾಡಿ, "ಸರ್, ಕೋಡ್‌ನಲ್ಲಿ 'ಯುಟಿಲಿಟಿ' (utility) ಪ್ಯಾಕೇಜ್ ಇದೆ, ನಿಮ್ಮ ಕೈಪಿಡಿಯಲ್ಲಿ ಅದರ ಪುಟವೇ ಇಲ್ಲವಲ್ಲ?" ಎಂದರು. ಪ್ಯಾಕೇಜ್ ಎಂದರೆ ಒಂದೇ ಹೆಸರಿನಡಿ ಸೇರಿಸಿಟ್ಟ ಕೋಡ್‌ನ ಕಟ್ಟು. ಬಿಲ್ಡ್, ಅಂದರೆ ಕೋಡ್‌ನಿಂದ ಎಲ್ಲವನ್ನೂ ತಾನಾಗಿ ತಯಾರಿಸುವ ಕೆಲಸ, ಹಸಿರಾಗಿಯೇ ಇತ್ತು. ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇರಲಿಲ್ಲ.

ನಮ್ಮದು ಜಾವಾ ಕೋಡ್. ಕೈಪಿಡಿಯ ಪುಟಗಳನ್ನು ಜಾವಾಡಾಕ್ ಎಂಬ ಸಾಧನ ಆ ಕೋಡ್‌ನಿಂದಲೇ ತಯಾರಿಸುತ್ತದೆ. ಯಾವ ಪ್ಯಾಕೇಜ್‌ಗಳು ಅದರ ಕೈಗೆ ಹೋಗಬೇಕೆಂದು ಮೊದಲೇ ತೀರ್ಮಾನಿಸುವುದು ಒಂದು ಶೆಲ್ ಸ್ಕ್ರಿಪ್ಟ್. ಒಳಬಳಕೆಯ 'ಯುಟಿಲ್' (util) ಪ್ಯಾಕೇಜ್ ಹೊರಗಿನವರಿಗೆ ಕಾಣಬಾರದೆಂದು ಎಂದೋ ನಾನೇ ಅದನ್ನು, ಸಾಲುಗಳಲ್ಲಿ ಅಕ್ಷರಗಳನ್ನು ಹುಡುಕುವ ಗ್ರೆಪ್ ಎಂಬ ಸಾಧನ ಬಳಸಿ ಸೋಸಿದ್ದೆ. ಪ್ಯಾಕೇಜ್ ಎಂದರೇನೆಂದು ಗ್ರೆಪ್‌ಗೆ ಏನು ಗೊತ್ತು? ಅದು ನೋಡುವುದು ಬರೀ ಅಕ್ಷರಗಳನ್ನು. ಪಟ್ಟಿಯಿಂದ ರಾಮನ ಹೆಸರು ಹೊಡೆದುಹಾಕು ಎಂದರೆ ರಾಮಪ್ಪ, ರಾಮಕ್ಕ, ರಾಮಚಂದ್ರರಾಯರನ್ನೂ ಹೊಡೆದುಹಾಕುವ ಗುಮಾಸ್ತ ಅದು. 'ಯುಟಿಲ್' ಜೊತೆ 'ಯುಟಿಲಿಟಿ'ಯೂ ಹೋಗಿದ್ದು ಹೀಗೆ. 'ಜಾವಾ' ಎಂದು ಆರಂಭವಾಗುವುದನ್ನೆಲ್ಲ ಬಿಡು ಎಂದರೆ 'ಜಾವಾಎಕ್ಸ್' ಕೂಡ ಕಣ್ಮರೆಯಾಗುವುದು ಇದೇ ಕಾರಣಕ್ಕೆ.

ಜಾವಾಡಾಕ್‌ನಲ್ಲೇ 'ಎಕ್ಸ್‌ಕ್ಲೂಡ್' ಎಂಬ ಆಯ್ಕೆ ಇದೆ. ಅದು ನಾವು ಹೆಸರಿಸಿದ ಪ್ಯಾಕೇಜನ್ನೂ ಅದರ ಉಪಪ್ಯಾಕೇಜ್‌ಗಳನ್ನೂ ಮಾತ್ರ ಕೈಬಿಡುತ್ತದೆ. ಆದರೆ ನಮ್ಮ ಪಟ್ಟಿ ಬೇರೆ ಸ್ಕ್ರಿಪ್ಟ್‌ಗಳಿಗೂ ಬೇಕಿತ್ತು. ಹಾಗಾಗಿ ಸೋಸುವ ಸಾಲನ್ನೇ ತಿದ್ದಿದೆ: ಹೆಸರು ಸಾಲಿನ ಮೊದಲಿನಿಂದಲೇ ಹೊಂದಬೇಕು, ಆಮೇಲೆ ಸಾಲು ಅಲ್ಲಿಗೇ ಮುಗಿಯಬೇಕು, ಇಲ್ಲವೇ ಒಂದು ಚುಕ್ಕಿ ಬರಬೇಕು. ಇಲ್ಲೊಂದು ಕಿತಾಪತಿ ಇದೆ. ಗ್ರೆಪ್ ಪಾಲಿಗೆ ಚುಕ್ಕಿ ಎಂದರೆ 'ಯಾವುದಾದರೂ ಒಂದು ಅಕ್ಷರ'. ಅದಕ್ಕೆ ಮುಂಚೆ ಬ್ಯಾಕ್‌ಸ್ಲ್ಯಾಷ್ (\) ಹಾಕದಿದ್ದರೆ ಚುಕ್ಕಿಗೆ ಚುಕ್ಕಿಯ ಬೆಲೆ ಇಲ್ಲ.

ಬಿಡಬೇಕಾದ ಹೆಸರುಗಳನ್ನು ಬೇರೆ ಫೈಲ್‌ಗೆ ಸಾಗಿಸುವಾಗ ಕೊನೆಯಲ್ಲಿ ಒಂದು ಖಾಲಿ ಸಾಲು ಉಳಿಸಿದೆ. ಗ್ರೆಪ್ ಪಾಲಿಗೆ ಖಾಲಿ ಸಾಲು ಎಲ್ಲಕ್ಕೂ ಹೊಂದುತ್ತದೆ. ಎಲ್ಲ ಪ್ಯಾಕೇಜ್‌ಗಳೂ ಹೋದವು. ಸದ್ಯ, ಏನೂ ಸಿಗದಿದ್ದಾಗ ಜಾವಾಡಾಕ್ ದೋಷವೆಂದು ನಿಂತುಬಿಡುತ್ತದೆ. ಒಂದೇ ಒಂದು ಹೋದಾಗ ತುಟಿ ಬಿಚ್ಚುವುದಿಲ್ಲ.

ಆ ಖಾಲಿ ಸಾಲನ್ನು ತೆಗೆದು, ತಿದ್ದುವ ಮೊದಲಿನ ಮತ್ತು ಆಮೇಲಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಜಾವಾ 10ರಿಂದ ಈಚೆಗೆ ಜಾವಾಡಾಕ್ ತಾನು ಪ್ರಕಟಿಸಿದ ಹೆಸರುಗಳನ್ನು 'ಎಲಿಮೆಂಟ್-ಲಿಸ್ಟ್' ಎಂಬ ಫೈಲ್‌ನಲ್ಲಿ ಬರೆದಿಡುತ್ತದೆ. ಅದಕ್ಕೆ ಮುಂಚೆ ಅದು 'ಪ್ಯಾಕೇಜ್-ಲಿಸ್ಟ್' ಆಗಿತ್ತು. ಒಂದು ಸಾಲು ಹೆಚ್ಚಾಗಬೇಕಿತ್ತು, ಎರಡಾಗಿದ್ದವು. ಎರಡನೆಯದು ಅರ್ಧ ಬರೆದಿಟ್ಟ 'ಯುಟಿಲ್‌ಟೆಸ್ಟ್'. ಅದು ಅಷ್ಟು ದಿನ ಅಡಗಿದ್ದುದು ನನ್ನ ತಪ್ಪಿನ ನೆರಳಿನಲ್ಲಿ! ಅದನ್ನು ಬರೆದವರನ್ನು ಕೇಳಿ, ಅದರ ಹೆಸರನ್ನು ಬಿಡುವ ಪಟ್ಟಿಗೆ ಸೇರಿಸಿದೆ.

ಈಗ 'ಎಲಿಮೆಂಟ್-ಲಿಸ್ಟ್' ಫೈಲ್‌ನ ಒಂದು ಪ್ರತಿ ಕೋಡ್‌ನ ಜೊತೆಯಲ್ಲೇ ಇರುತ್ತದೆ. ಹೊಸ ಬಿಲ್ಡ್‌ನ ಪಟ್ಟಿ ಅದಕ್ಕಿಂತ ಒಂದು ಸಾಲು ಬೇರೆಯಾದರೂ ಬಿಲ್ಡ್ ಕೆಂಪಾಗುತ್ತದೆ.